ಲಿನ್ನಿಯಸ್ ಟ್ರೈಪ್

ಲಿನ್ನಿಯಸ್ ಟ್ರೈಪ್ (14 ಏಪ್ರಿಲ್ 1822 – 2 ಮಾರ್ಚ್ 1902) ಅವರು ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದ ಅಧಿಕಾರಿಯಾಗಿದ್ದವರು ಮತ್ತು ದಕ್ಷಿಣ ಭಾರತ ಹಾಗೂ ಬರ್ಮಾ ದೇಶದ ಪುರಾತನ ಕಟ್ಟಡಗಳನ್ನು ಛಾಯಾಚಿತ್ರಗಳಲ್ಲಿ ದಾಖಲಿಸಿದ ಮೊದಲಿಗರಲ್ಲಿ ಒಬ್ಬರು. ಹವ್ಯಾಸವಾಗಿ ಕ್ಯಾಮೆರಾ ಹಿಡಿದ ಅವರು 1854ರ ಕೊನೆಯಲ್ಲಿ ಹಳೇಬೀಡು, ಬೇಲೂರು ಮತ್ತು ಶ್ರವಣಬೆಳಗೊಳದಲ್ಲಿ ತೆಗೆದ ಚಿತ್ರಗಳು ಕರ್ನಾಟಕದ ಶಿಲ್ಪಕಲೆಯ ಅತ್ಯಂತ ಹಳೆಯ ಛಾಯಾದಾಖಲೆಗಳ ಸಾಲಿಗೆ ಸೇರುತ್ತವೆ. 1855ರಲ್ಲಿ ಬರ್ಮಾಕ್ಕೆ ತೆರಳಿದ ರಾಯಭಾರಿ ತಂಡದ ಛಾಯಾಗ್ರಾಹಕರಾಗಿಯೂ, 1856ರಿಂದ ಮದರಾಸು ಪ್ರಾಂತ್ಯದ ಸರ್ಕಾರಿ ಛಾಯಾಗ್ರಾಹಕರಾಗಿಯೂ ಕೆಲಸ ಮಾಡಿದರು. ಅವರ ಛಾಯಾಗ್ರಹಣದ ಸಕ್ರಿಯ ಕಾಲ ಹತ್ತು ವರ್ಷಗಳನ್ನೂ ತುಂಬುವುದಿಲ್ಲ. ಆದರೂ ಹತ್ತೊಂಬತ್ತನೆಯ ಶತಮಾನದ ಛಾಯಾಗ್ರಹಣದ ಚರಿತ್ರೆಯಲ್ಲಿ ಅವರ ಹೆಸರು ಮುಂಚೂಣಿಯಲ್ಲಿದೆ.

ಆರಂಭಿಕ ಜೀವನ

ಟ್ರೈಪ್ ಅವರು ಇಂಗ್ಲೆಂಡಿನ ನೈರುತ್ಯ ಭಾಗದ ಡೆವನ್ ಪ್ರಾಂತ್ಯದಲ್ಲಿ, ಪ್ಲಿಮತ್ ಬಂದರಿಗೆ ಹೊಂದಿಕೊಂಡಿರುವ ಡೆವನ್‌ಪೋರ್ಟ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಕಾರ್ನೀಲಿಯಸ್ ಟ್ರೈಪ್, ತಾಯಿ ಮೇರಿ. ಅವರದು ಬಹುಸಂತಾನದ ದೊಡ್ಡ ಕುಟುಂಬ. ನೌಕಾಪಡೆಯ ಹಡಗುಕಟ್ಟೆಗೆ ಹೆಸರಾದ ಊರು ಅದು. ಸಸ್ಯಗಳಿಗೂ ಪ್ರಾಣಿಗಳಿಗೂ ಹೆಸರಿಡುವ ಕ್ರಮವನ್ನು ರೂಪಿಸಿದ ಸ್ವೀಡನ್ನಿನ ವಿಜ್ಞಾನಿಯ ಹೆಸರೇ ಈ ಬಾಲಕನದೂ ಆಗಿತ್ತು. ಮುಂದೆ ಇವರು ಮಾಡಿದ ಕೆಲಸವೂ ಒಂದು ಬಗೆಯಲ್ಲಿ ಕಲ್ಲಿನ ಕಟ್ಟಡಗಳನ್ನು ವರ್ಗೀಕರಿಸಿ ಜೋಡಿಸಿಡುವ ಕೆಲಸವೇ ಆದದ್ದು ಕಾಕತಾಳೀಯ.

1839ರ ಹೊತ್ತಿಗೆ, ಹದಿಹರೆಯದಲ್ಲಿಯೇ, ಟ್ರೈಪ್ ಮದರಾಸು ಸೈನ್ಯವನ್ನು ಸೇರಿ 12ನೆಯ ಮದರಾಸು ದೇಶೀ ಪದಾತಿ ದಳಕ್ಕೆ ನಿಯುಕ್ತರಾದರು. ಫ್ರಾನ್ಸಿನಲ್ಲಿ ದಾಗೇರ್ ತಮ್ಮ ಛಾಯಾಗ್ರಹಣ ವಿಧಾನವನ್ನು ಲೋಕಕ್ಕೆ ಪ್ರಕಟಿಸಿದ್ದು ಅದೇ ವರ್ಷ. ಎರಡು ವರ್ಷಗಳ ನಂತರ, 1841ರಲ್ಲಿ, ಇಂಗ್ಲೆಂಡಿನ ಟಾಲ್ಬಟ್ ಕಾಗದದ ಮೇಲೆ ನೆಗೆಟಿವ್ ಪಡೆಯುವ ಕ್ಯಾಲೊಟೈಪ್ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಟ್ರೈಪ್ ಅವರಿಗೆ ಆಗ ಇವಾವುದರ ಸಂಪರ್ಕವೂ ಇದ್ದಂತೆ ಕಾಣುವುದಿಲ್ಲ. ಮುಂದಿನ ಸುಮಾರು ಹತ್ತು ವರ್ಷಗಳು ದಕ್ಷಿಣ ಭಾರತದ ಸೇನಾ ಠಾಣ್ಯಗಳಲ್ಲಿ ಕಳೆದವು.

ರಜೆಯಲ್ಲಿ ಕಲಿತ ವಿದ್ಯೆ

1850ರ ದಶಕದ ಆರಂಭದಲ್ಲಿ ಟ್ರೈಪ್ ದೀರ್ಘ ರಜೆಯ ಮೇಲೆ ತಾಯ್ನಾಡಿಗೆ ಮರಳಿದರು. ಅನಾರೋಗ್ಯದಿಂದಾಗಿ ರಜೆ ವಿಸ್ತರಣೆಗೊಂಡಿತು. ಸೈನ್ಯಾಧಿಕಾರಿಯ ಬಡ್ತಿಯ ದೃಷ್ಟಿಯಿಂದ ನಷ್ಟವೆನ್ನಬಹುದಾದ ಈ ಬಿಡುವು ಅವರ ಜೀವನದ ದಿಕ್ಕನ್ನೇ ಬದಲಿಸಿತು. ಇಂಗ್ಲೆಂಡಿನಲ್ಲಿ ಛಾಯಾಗ್ರಹಣವು ಅನುಕೂಲಸ್ಥ ಹವ್ಯಾಸಿಗಳ ನಡುವೆ ವೇಗವಾಗಿ ಹಬ್ಬುತ್ತಿದ್ದ ಕಾಲವದು. 1851ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಾಗದಕ್ಕೆ ಮೊದಲೇ ಮೇಣ ಹಚ್ಚುವ ಸುಧಾರಿತ ವಿಧಾನವನ್ನು ಪ್ರಕಟಿಸಿದ್ದರು. ಅದೇ ವರ್ಷ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಫಲಕದ ಮೇಲೆ ಕೊಲೊಡಿಯನ್ ಲೇಪಿಸುವ ವಿಧಾನವನ್ನು ತಿಳಿಸಿದರು. 1853ರಲ್ಲಿ ಲಂಡನ್ನಿನಲ್ಲಿ ಛಾಯಾಗ್ರಹಣ ಸಂಘವು ಸ್ಥಾಪನೆಯಾದಾಗ ಟ್ರೈಪ್ ಅದೇ ವರ್ಷ ಅದರ ಸದಸ್ಯರಾದರು.

ತವರೂರಿನ ಹಡಗುಕಟ್ಟೆ ಮತ್ತು ಹಡಗುಗಳು ಅವರ ಮೊದಲ ಪ್ರಯೋಗಗಳಿಗೆ ವಸ್ತುವಾದವು. ನಿಂತ ಹಡಗಿನ ಮರದ ಹಲಗೆ, ಹಗ್ಗ, ಕಂಬಗಳನ್ನು ಬೆಳಕಿನಲ್ಲಿ ಹಿಡಿಯುವ ಈ ಅಭ್ಯಾಸವು ಮುಂದೆ ಕಂಬಸಾಲಿನ ಮಂಟಪಗಳನ್ನು ಚಿತ್ರಿಸುವಾಗ ಉಪಯೋಗಕ್ಕೆ ಬಂದಿರಬೇಕು.

ಕಾಗದದ ನೆಗೆಟಿವ್

ಟ್ರೈಪ್ ಅವರ ಚಿತ್ರಗಳನ್ನು ಅರಿಯಲು ಅವರು ಬಳಸಿದ ವಿಧಾನವನ್ನು ಸ್ವಲ್ಪ ತಿಳಿದಿರಬೇಕು. ಇಂದಿನ ಓದುಗರಿಗೆ ನೆಗೆಟಿವ್ ಎಂದರೆ ಫಿಲ್ಮಿನ ಸುರುಳಿ. ಟ್ರೈಪ್ ಅವರ ನೆಗೆಟಿವ್ ಒಳ್ಳೆಯ ಬರವಣಿಗೆಯ ಕಾಗದದಂಥ ಒಂದು ಹಾಳೆ. ಅದನ್ನು ಅಯೊಡೈಡ್ ಲವಣದ ದ್ರಾವಣದಲ್ಲಿ ನೆನೆಸಿ ಒಣಗಿಸಬೇಕು. ಬಳಿಕ ಕತ್ತಲೆಯಲ್ಲಿ ಬೆಳ್ಳಿಯ ನೈಟ್ರೇಟ್ ಹಚ್ಚಿ ಬೆಳಕಿಗೆ ಸ್ಪಂದಿಸುವಂತೆ ಮಾಡಬೇಕು. ಕ್ಯಾಮೆರಾದಲ್ಲಿ ಹಲವು ನಿಮಿಷಗಳ ಕಾಲ ಬೆಳಕಿಗೆ ಒಡ್ಡಿದ ಮೇಲೆ ಗ್ಯಾಲಿಕ್ ಆಮ್ಲದಲ್ಲಿ ಚಿತ್ರವನ್ನು ಮೂಡಿಸಿ, ಹೈಪೊ ದ್ರಾವಣದಲ್ಲಿ ಸ್ಥಿರಗೊಳಿಸಿ, ತೊಳೆದು ಒಣಗಿಸಬೇಕು. ಮೇಣ ಹಚ್ಚಿದರೆ ಕಾಗದ ಪಾರದರ್ಶಕವಾಗುತ್ತದೆ. ಚಿತ್ರವನ್ನು ಹಿಗ್ಗಿಸುವ ಉಪಾಯ ಆಗ ರೂಢಿಯಲ್ಲಿರಲಿಲ್ಲ. ನೆಗೆಟಿವನ್ನು ಮತ್ತೊಂದು ಕಾಗದಕ್ಕೆ ಒತ್ತಿ ಬಿಸಿಲಿಗೆ ಇಟ್ಟು ಪ್ರತಿ ತೆಗೆಯುತ್ತಿದ್ದರು. ದೊಡ್ಡ ಚಿತ್ರ ಬೇಕಾದರೆ ದೊಡ್ಡ ನೆಗೆಟಿವ್, ಅದಕ್ಕೆ ತಕ್ಕ ದೊಡ್ಡ ಕ್ಯಾಮೆರಾ ಬೇಕು. ಟ್ರೈಪ್ ಅವರ ಮದರಾಸು ಪ್ರಾಂತ್ಯದ ನೆಗೆಟಿವ್‌ಗಳು ಸುಮಾರು 12 ಅಂಗುಲಕ್ಕೆ 15 ಅಂಗುಲದಷ್ಟಿವೆ.

ಗಾಜಿನ ಫಲಕವು ಹೆಚ್ಚು ಸ್ಪಷ್ಟವಾದ ಚಿತ್ರ ಕೊಡುತ್ತಿತ್ತು. ಆದರೆ ಫಲಕದ ಲೇಪನ ಒಣಗುವ ಮೊದಲೇ ಎಲ್ಲವನ್ನೂ ಮುಗಿಸಬೇಕಾಗಿತ್ತು. ದಕ್ಷಿಣ ಭಾರತದ ಸೆಕೆಯಲ್ಲಿ, ಎತ್ತಿನ ಗಾಡಿಯ ಪಯಣದಲ್ಲಿ, ಇದು ಕಷ್ಟದ ಮಾತು. ಕಾಗದ ಹಗುರ, ಒಡೆಯುವುದಿಲ್ಲ, ಸ್ವಲ್ಪ ಮೊದಲೇ ಸಿದ್ಧಪಡಿಸಿಕೊಳ್ಳಲೂಬಹುದು. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ ಎಂಬುದನ್ನು ನೆನೆದರೆ ಆ ಆಯ್ಕೆಯ ವಿವೇಕ ತಿಳಿಯುತ್ತದೆ.

ಈ ವಿಧಾನಕ್ಕೆ ತನ್ನದೇ ಆದ ಕುಂದುಗಳಿದ್ದವು. ಕಾಗದದ ನಾರು ಚಿತ್ರದಲ್ಲಿಯೂ ಮೂಡುತ್ತಿತ್ತು. ಬೆಳ್ಳಿಯ ಲವಣವು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವು ಬರಿದಾಗಿಯೋ ಕಲೆಕಲೆಯಾಗಿಯೋ ಬರುತ್ತಿತ್ತು. ಚಲಿಸುವ ಮನುಷ್ಯರು ಚಿತ್ರದಲ್ಲಿ ಉಳಿಯುತ್ತಿರಲಿಲ್ಲ. ಅಲುಗಾಡದೆ ಕುಳಿತವರು ಉಳಿಯುತ್ತಿದ್ದರು, ಅರ್ಧದಲ್ಲಿ ಎದ್ದು ಹೋದವರು ಮಂಜಿನಂತೆ ತೆಳುವಾಗಿ ಕಾಣುತ್ತಿದ್ದರು. ಈ ಕಾಲದ ಚಿತ್ರಗಳಲ್ಲಿ ದೇವಾಲಯದ ಅಂಗಳಗಳು ನಿರ್ಜನವಾಗಿ ಕಾಣುವುದಕ್ಕೆ ಇದು ಒಂದು ಕಾರಣ. ಆ ಅಂಗಳಗಳಲ್ಲಿ ಜನರೇ ಇರಲಿಲ್ಲವೆಂದು ಭಾವಿಸುವುದು ತಪ್ಪು. ಹಲವು ನಿಮಿಷಗಳ ಕಾಲ ಅಲ್ಲಿ ಓಡಾಡಿದ ಭಕ್ತರೂ ಅರ್ಚಕರೂ ದನಕರುಗಳೂ ಕಾಗದದ ಮೇಲೆ ಗುರುತು ಬಿಡದೆ ಹಾದುಹೋಗಿದ್ದಾರೆ.

ಹಳೇಬೀಡು ಮತ್ತು ಬೇಲೂರು

1854ರಲ್ಲಿ ಟ್ರೈಪ್ ಬೆಂಗಳೂರಿಗೆ ಮರಳಿದರು. ಮೈಸೂರು ರಾಜ್ಯವು ಆಗ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿತ್ತು. ಬೆಂಗಳೂರಿನ ದಂಡು ಪ್ರದೇಶವು ದಕ್ಷಿಣದ ಪ್ರಮುಖ ಸೇನಾ ನೆಲೆಯಾಗಿತ್ತು. ಅದೇ ಸೈನ್ಯದಲ್ಲಿ ವೈದ್ಯರಾಗಿದ್ದ ಡಾ. ಆಂಡ್ರ್ಯೂ ನೀಲ್ ಅವರಿಗೂ ಕ್ಯಾಮೆರಾದ ಗೀಳಿತ್ತು. ಆ ವರ್ಷದ ಕೊನೆಯಲ್ಲಿ ಇಬ್ಬರೂ ಜೊತೆಯಾಗಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳಿಗೆ ಹೊರಟರು. ಸರ್ಕಾರದ ಆಜ್ಞೆಯಾಗಲಿ, ಸಂಭಾವನೆಯಾಗಲಿ ಇದರ ಹಿಂದೆ ಇರಲಿಲ್ಲ. ಇದು ಇಬ್ಬರು ಹವ್ಯಾಸಿಗಳ ಸ್ವಂತ ಖರ್ಚಿನ ಪ್ರವಾಸ.

ಹೊಯ್ಸಳ ಶಿಲ್ಪವು ಕ್ಯಾಮೆರಾಕ್ಕೆ ಸುಲಭದ ವಸ್ತುವಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದನು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ನಿರ್ಮಾಣ ಅದೇ ಶತಮಾನದ್ದು. ಬಳಪದ ಕಲ್ಲಿನಲ್ಲಿ ಕಡೆದ ಆನೆ, ಸಿಂಹ, ಕುದುರೆ, ಹಂಸಗಳ ಸಾಲುಗಳೂ ರಾಮಾಯಣ ಮಹಾಭಾರತಗಳ ದೃಶ್ಯಗಳೂ ಗೋಡೆಯ ಉದ್ದಕ್ಕೂ ಸುತ್ತುವರಿದಿವೆ. ಗೋಡೆ ನೇರವಾಗಿಲ್ಲ, ನಕ್ಷತ್ರದಂತೆ ಮೂಲೆ ಮುರಿದು ಒಳಗೂ ಹೊರಗೂ ಸಾಗುತ್ತದೆ. ಚಿತ್ರಕಾರನು ಇದನ್ನು ಬರೆಯಲು ಕುಳಿತರೆ ತಿಂಗಳುಗಳೇ ಬೇಕು, ಬರೆದದ್ದರಲ್ಲಿ ಅರ್ಧ ಅವನ ಊಹೆಯಾಗಿರುತ್ತದೆ. ಟ್ರೈಪ್ ಕ್ಯಾಮೆರಾವನ್ನು ಓರೆಯಾಗಿ ನಿಲ್ಲಿಸಿ, ಓರೆ ಬಿಸಿಲು ಶಿಲ್ಪದ ಉಬ್ಬುತಗ್ಗುಗಳನ್ನು ಎತ್ತಿ ತೋರುವ ಹೊತ್ತನ್ನು ಆರಿಸಿಕೊಳ್ಳುತ್ತಿದ್ದರು. ನೆರಳನ್ನು ಅವರು ಕೊರತೆಯೆಂದು ಭಾವಿಸಲಿಲ್ಲ, ಅದನ್ನೇ ರೇಖೆಯಾಗಿ ಬಳಸಿಕೊಂಡರು.

1855ರ ಫೆಬ್ರವರಿಯಲ್ಲಿ ಮದರಾಸಿನಲ್ಲಿ ದಕ್ಷಿಣ ಭಾರತದ ಕಚ್ಚಾ ಸಾಮಗ್ರಿ, ಕಲೆ ಮತ್ತು ಕೈಗಾರಿಕೆಗಳ ವಸ್ತುಪ್ರದರ್ಶನ ಏರ್ಪಟ್ಟಿತು. ಟ್ರೈಪ್ ಅಲ್ಲಿ 68 ಛಾಯಾಚಿತ್ರಗಳನ್ನಿಟ್ಟರು. ಅವುಗಳಲ್ಲಿದ್ದ ದೇವಾಲಯಗಳನ್ನು ಅದುವರೆಗೆ ಯಾರೂ ಛಾಯಾಚಿತ್ರದಲ್ಲಿ ಕಂಡಿರಲಿಲ್ಲ. ತೀರ್ಪುಗಾರರು ಅವರ ಚಿತ್ರಸರಣಿಗೆ ಪ್ರಥಮ ದರ್ಜೆಯ ಪದಕ ನೀಡಿದರು. ಪ್ರವಾಸವಾದ ಎರಡು ಮೂರು ತಿಂಗಳೊಳಗೆ ಇಂಥ ಪ್ರದರ್ಶನವೊಂದು ಒದಗಿಬಂದದ್ದು ಶುಭ ಆಕಸ್ಮಿಕ. ಅದೇ ವರ್ಷ ಕಂಪನಿಯ ಆಡಳಿತ ಮಂಡಳಿಯು, ಸ್ಮಾರಕಗಳನ್ನು ದಾಖಲಿಸಲು ಚಿತ್ರಕಾರರ ಬದಲು ಛಾಯಾಗ್ರಾಹಕರನ್ನು ಬಳಸುವ ವಿಚಾರಕ್ಕೆ ಒತ್ತುಕೊಡತೊಡಗಿತ್ತು. ಕೈಗೆ ಸಿದ್ಧವಾಗಿದ್ದ ಹೆಸರು ಟ್ರೈಪ್ ಅವರದು.

ಬರ್ಮಾ ರಾಯಭಾರ, 1855

1852–53ರ ಯುದ್ಧದ ನಂತರ ಬ್ರಿಟಿಷರು ಬರ್ಮಾದ ದಕ್ಷಿಣ ಭಾಗವಾದ ಪೆಗುವನ್ನು ವಶಪಡಿಸಿಕೊಂಡಿದ್ದರು. ಅದನ್ನು ಒಪ್ಪಂದದ ಮೂಲಕ ಖಚಿತಪಡಿಸಿಕೊಳ್ಳಲು ಗವರ್ನರ್ ಜನರಲ್ ಡಾಲ್‌ಹೌಸಿ 1855ರಲ್ಲಿ ಮಿಂಡಾನ್ ದೊರೆಯ ಆಸ್ಥಾನಕ್ಕೆ ಆರ್ಥರ್ ಫೇರ್ ಅವರ ನೇತೃತ್ವದಲ್ಲಿ ತಂಡವೊಂದನ್ನು ಕಳುಹಿಸಿದರು. ಕಾರ್ಯದರ್ಶಿ ಹೆನ್ರಿ ಯೂಲ್, ಚಿತ್ರಕಾರ ಕೋಲ್ಸ್‌ವರ್ದಿ ಗ್ರಾಂಟ್, ಛಾಯಾಗ್ರಾಹಕ ಟ್ರೈಪ್. ಆಗಸ್ಟ್ ತಿಂಗಳಲ್ಲಿ ರಂಗೂನಿನಿಂದ ಹೊರಟ ತಂಡ ಐರಾವತಿ ನದಿಯಲ್ಲಿ ಹಡಗಿನ ಮೂಲಕ ಸಾಗಿ ರಾಜಧಾನಿ ಅಮರಾಪುರವನ್ನು ತಲುಪಿತು. ಒಪ್ಪಂದಕ್ಕೆ ದೊರೆ ಸಹಿ ಹಾಕಲಿಲ್ಲ. ರಾಜಕೀಯವಾಗಿ ತಂಡದ ಉದ್ದೇಶ ಕೈಗೂಡಲಿಲ್ಲ. ಇಂದು ಆ ರಾಯಭಾರವನ್ನು ಜನ ನೆನೆಯುವುದು ಯೂಲ್ ಬರೆದ ವೃತ್ತಾಂತ ಮತ್ತು ಟ್ರೈಪ್ ತೆಗೆದ ಚಿತ್ರಗಳಿಂದಾಗಿ.

ಟ್ರೈಪ್ ಅಲ್ಲಿ 219 ನೆಗೆಟಿವ್‌ಗಳನ್ನು ತಯಾರಿಸಿದರು. ಪಗಾನಿನ ಇಟ್ಟಿಗೆಯ ದೇಗುಲಗಳು, ಅಮರಾಪುರದ ಕೆತ್ತನೆಯ ಮರದ ವಿಹಾರಗಳು, ಸರೋವರದ ಮೇಲಿನ ಉದ್ದನೆಯ ಮರದ ಸೇತುವೆ, ರಂಗೂನಿನ ಶ್ವೇಡಗಾನ್ ಪಗೋಡ ಇವು ಅದರಲ್ಲಿವೆ. ಮಳೆಗಾಲದ ಮೋಡ, ಸಮಯದ ಅಭಾವ, ತಮ್ಮ ಅನಾರೋಗ್ಯಗಳು ಕೆಲಸಕ್ಕೆ ಅಡ್ಡಿಯಾದವೆಂಬ ವಿವರಣೆಯನ್ನು ಅವರೇ ಚಿತ್ರಗಳ ಜೊತೆಗೆ ಸೇರಿಸಿದ್ದಾರೆ. ಸೈನ್ಯಾಧಿಕಾರಿಯ ಶಿಸ್ತಿನ ಬರವಣಿಗೆ ಅದು. ದೋಷಗಳನ್ನು ಮರೆಮಾಚುವುದಿಲ್ಲ.

ಬೆಂಗಳೂರಿಗೆ ಹಿಂದಿರುಗಿದ ಮೇಲೆ 120 ನೆಗೆಟಿವ್‌ಗಳನ್ನು ಆರಿಸಿ, ಸರ್ಕಾರದ ಬೇಡಿಕೆಯಂತೆ 50 ಸಂಪುಟಗಳನ್ನು ಸಿದ್ಧಪಡಿಸಿದರು. ಅಂದರೆ ಒಟ್ಟು 6000 ಪ್ರತಿಗಳು. ಒಂದೊಂದನ್ನೂ ಬಿಸಿಲಿನಲ್ಲಿ ಇಟ್ಟು, ಬಣ್ಣ ಏರುವುದನ್ನು ನೋಡುತ್ತ ಕಾದು, ತೊಳೆದು ಒಣಗಿಸಿ ರಟ್ಟಿಗೆ ಅಂಟಿಸಬೇಕು. 1857ರ ಆರಂಭದ ಹೊತ್ತಿಗೆ ಈ ಕೆಲಸ ಮುಗಿಯಿತು. ಬರ್ಮಾದ ಮೊದಲ ವ್ಯಾಪಕ ಛಾಯಾಚಿತ್ರ ಸಂಪುಟ ಹೀಗೆ ಬೆಂಗಳೂರಿನ ಬಿಸಿಲಿನಲ್ಲಿ ಮೂಡಿಬಂದಿತೆಂಬುದು ನಮ್ಮ ನಾಡಿನ ಓದುಗರು ಗಮನಿಸಬೇಕಾದ ಸಂಗತಿ.

ಮೋಡಗಳು ಮತ್ತು ಕಥನ

ಬರ್ಮಾದ ಚಿತ್ರಗಳಲ್ಲಿ ನೋಡುಗರ ಗಮನ ಸೆಳೆಯುವ ಒಂದು ವಿಶೇಷ ಆಕಾಶ. ಹಲವು ಚಿತ್ರಗಳಲ್ಲಿ ದೇಗುಲದ ಹಿಂದೆ ಮೃದುವಾದ ಮೋಡಗಳು ತೇಲುತ್ತವೆ. ಕಾಗದದ ನೆಗೆಟಿವ್‌ನಲ್ಲಿ ಇಂಥ ಮೋಡಗಳು ತಾವಾಗಿ ಮೂಡುವುದು ಅಸಾಧ್ಯಕ್ಕೆ ಹತ್ತಿರ. ಅವನ್ನು ಟ್ರೈಪ್ ಕುಂಚದಿಂದ ನೆಗೆಟಿವ್‌ನ ಮೇಲೆ ಬಣ್ಣ ಹಚ್ಚಿ ಬರೆದಿದ್ದಾರೆ. ಬಣ್ಣ ಹಚ್ಚಿದ ಕಡೆ ಬೆಳಕು ಹಾಯುವುದಿಲ್ಲ, ಆ ಭಾಗ ಪ್ರತಿಯಲ್ಲಿ ಬೆಳ್ಳಗೆ ಉಳಿಯುತ್ತದೆ, ಅದೇ ಮೋಡ. ಕೆಲವೆಡೆ ಮರದ ಎಲೆಗಳನ್ನೂ ಹೀಗೆ ತಿದ್ದಿದ್ದಾರೆ. ಸಮಕಾಲೀನರಲ್ಲಿ ಹಲವರು ಆಕಾಶದ ಭಾಗವನ್ನೆಲ್ಲ ಕಪ್ಪಾಗಿ ಬಳಿದು ಪ್ರತಿಯಲ್ಲಿ ಬರಿಯ ಬಿಳಿಯಾಗಿಸುತ್ತಿದ್ದರು. ಟ್ರೈಪ್ ಹಾಗೆ ಮಾಡಲಿಲ್ಲ. ರಸಾಯನದ ಮಿತಿಯಿಂದ ಕೆಟ್ಟ ಆಕಾಶವು ಅವರಿಗೆ ಬರೆಯುವ ಹಲಗೆಯಾಯಿತು.

ಇದನ್ನು ದಾಖಲೆಗೆ ಎಸಗಿದ ದ್ರೋಹವೆಂದು ಕರೆಯಬಹುದೆ ಎಂಬ ಪ್ರಶ್ನೆ ಏಳುವುದು ಸಹಜ. ಕಟ್ಟಡದ ಒಂದು ಕಲ್ಲನ್ನೂ ಅವರು ಬದಲಿಸಿದಂತೆ ಕಾಣುವುದಿಲ್ಲ. ಮಳೆಗಾಲದ ಐರಾವತಿ ಕಣಿವೆಯಲ್ಲಿ ಮೋಡಗಳು ಇದ್ದೇ ಇದ್ದವು. ಕ್ಯಾಮೆರಾ ಕಾಣಲಾರದೆ ಹೋದದ್ದನ್ನು ಕಣ್ಣು ಕಂಡಿತ್ತು. ಕಟ್ಟಡವನ್ನು ಅಳತೆಗೆ ತಕ್ಕಂತೆ ತೋರುವುದು ಸರ್ಕಾರದ ಅಪೇಕ್ಷೆ, ಅದು ನಿಂತ ನೆಲವನ್ನೂ ಹವೆಯನ್ನೂ ತೋರುವುದು ಟ್ರೈಪ್ ಅವರ ಅಪೇಕ್ಷೆ. ಇವೆರಡೂ ಒಂದೇ ಹಾಳೆಯಲ್ಲಿ ಕೂಡಿರುವುದರಿಂದಲೇ ಆ ಚಿತ್ರಗಳನ್ನು ಇಂದಿಗೂ ಜನ ಮತ್ತೆ ಮತ್ತೆ ನೋಡುತ್ತಾರೆ.

ಕಥನದ ಗುಣ ಚಿತ್ರಗಳ ಜೋಡಣೆಯಲ್ಲಿಯೂ ಇದೆ. ಸಂಪುಟದ ಚಿತ್ರಗಳು ಕ್ರಮಸಂಖ್ಯೆಯೊಡನೆ ಪಯಣದ ಹಾದಿಯನ್ನು ಅನುಸರಿಸುತ್ತವೆ. ಪ್ರತಿಯೊಂದಕ್ಕೂ ಅಚ್ಚಾದ ಶೀರ್ಷಿಕೆ ಹಾಗೂ ಹಲವಕ್ಕೆ ಕಿರುಟಿಪ್ಪಣಿ ಉಂಟು. ಹಾಳೆ ತಿರುಗಿಸುತ್ತ ಹೋದವರು ನದಿಯಲ್ಲಿ ಮೇಲಕ್ಕೆ ಸಾಗಿ, ಊರೊಂದನ್ನು ದೂರದಿಂದ ಕಂಡು, ಬಾಗಿಲನ್ನು ಸಮೀಪಿಸಿ, ಒಳಗಿನ ಕೆತ್ತನೆಯ ಎದುರು ನಿಂತ ಅನುಭವ ಪಡೆಯುತ್ತಾರೆ.

ಮದರಾಸು ಪ್ರಾಂತ್ಯದ ಛಾಯಾಗ್ರಾಹಕ

1856ರ ಅಕ್ಟೋಬರಿನಲ್ಲಿ ಟ್ರೈಪ್ ಮದರಾಸು ಸರ್ಕಾರದ ಛಾಯಾಗ್ರಾಹಕರಾಗಿ ನೇಮಕಗೊಂಡರು. ಕಾರ್ಯಾಗಾರವನ್ನು ಬೆಂಗಳೂರಿನಲ್ಲಿಯೇ ಸ್ಥಾಪಿಸಿದರು. 1857ರ ದಂಗೆಯ ಸುದ್ದಿ ದೇಶವನ್ನು ಕಲಕಿದ ವರ್ಷದ ಕೊನೆಯಲ್ಲಿ, ಡಿಸೆಂಬರಿನಲ್ಲಿ, ಗಾಡಿಗಳಲ್ಲಿ ಸಾಮಗ್ರಿ ಹೇರಿಕೊಂಡು ದಕ್ಷಿಣಕ್ಕೆ ಹೊರಟರು. ರಾಯಕೋಟೆ, ಶ್ರೀರಂಗ, ತಿರುಚಿರಾಪಳ್ಳಿ, ಪುದುಕೋಟೆ, ಮಧುರೆ, ತಂಜಾವೂರು, ತಿರುವಯ್ಯಾರು ಸ್ಥಳಗಳನ್ನು ಚಿತ್ರಿಸಿ 1858ರ ಏಪ್ರಿಲ್ ಹೊತ್ತಿಗೆ ಪ್ರವಾಸ ಮುಗಿಸಿದರು. ದೊಡ್ಡ ನೆಗೆಟಿವ್‌ಗಳ ಜೊತೆಗೆ, ಎರಡು ಕಣ್ಣಿನಿಂದ ನೋಡಿದಾಗ ಆಳ ಕಾಣುವ ಜೋಡಿಚಿತ್ರಗಳನ್ನೂ ತೆಗೆದರು.

ಮಧುರೆಯ ತಿರುಮಲ ನಾಯಕ ಅರಮನೆ ಆಗ ಪಾಳುಬಿದ್ದಿತ್ತು. ಟ್ರೈಪ್ ಅವರ ಚಿತ್ರಗಳಲ್ಲಿ ಅದರ ಬಿರುಕು ಬಿಟ್ಟ ಕಮಾನುಗಳು ಇದ್ದಂತೆಯೇ ಕಾಣುತ್ತವೆ. 1866ರಿಂದ 1872ರವರೆಗೆ ಗವರ್ನರ್ ಆಗಿದ್ದ ನೇಪಿಯರ್ ಅವರ ಕಾಲದಲ್ಲಿ ಅರಮನೆಯ ಜೀರ್ಣೋದ್ಧಾರ ನಡೆಯಿತು. ದುರಸ್ತಿಗೆ ಮುಂಚಿನ ರೂಪವನ್ನು ನೋಡಬೇಕಾದರೆ ಈ ಚಿತ್ರಗಳನ್ನೇ ನೋಡಬೇಕು.

ತಂಜಾವೂರಿನಲ್ಲಿ ಅವರು ಕೈಗೊಂಡ ಸಾಹಸ ಬೇರೆ ಬಗೆಯದು. ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಸುತ್ತ ತಮಿಳು ಶಾಸನವು ಸಾಲು ಸಾಲಾಗಿ ಹರಿದಿದೆ. ಅದನ್ನು ಒಂದೇ ಚಿತ್ರದಲ್ಲಿ ಹಿಡಿಯುವುದು ಆಗದ ಮಾತು. ಟ್ರೈಪ್ ಕ್ಯಾಮೆರಾವನ್ನು ಗೋಡೆಗೆ ಸಮಾಂತರವಾಗಿ ಸ್ವಲ್ಪ ಸ್ವಲ್ಪವೇ ಸರಿಸುತ್ತ 21 ಚಿತ್ರಗಳನ್ನು ತೆಗೆದು ಒಂದಕ್ಕೊಂದು ಜೋಡಿಸಿದರು. ಜೋಡಿಸಿದ ಸುರುಳಿಯ ಉದ್ದ ಸುಮಾರು 19 ಅಡಿ. ಮಸುಕಾದ ಕಾಗದವನ್ನು ಬಳಸಿ ಕಲ್ಲಿನ ಅಕ್ಷರಗಳನ್ನು ಓದುವಷ್ಟು ಸ್ಪಷ್ಟವಾಗಿ ತರುವುದು ಆ ಕಾಲಕ್ಕೆ ದೊಡ್ಡ ಸಾಧನೆ. ಶಾಸನ ಓದುವವರಿಗೆ ಉಪಕಾರವಾಗಲೆಂದು ಮಾಡಿದ ಆ ಸುರುಳಿಯನ್ನು ಇಂದು ಕಲಾಕೃತಿಯಾಗಿಯೂ ಕಾಣುತ್ತಾರೆ.

1858ರಲ್ಲಿಯೇ ಮದರಾಸಿನ ವಸ್ತುಸಂಗ್ರಹಾಲಯದಲ್ಲಿದ್ದ ಅಮರಾವತಿ ಸ್ತೂಪದ ಶಿಲ್ಪಗಳನ್ನು ಚಿತ್ರಿಸಿದರು. ಅವನ್ನು 1845ರಲ್ಲಿ ಅಗೆದು ತೆಗೆಸಿದವರು ಸರ್ ವಾಲ್ಟರ್ ಎಲಿಯಟ್. ಧಾರವಾಡ ಸೀಮೆಯಲ್ಲಿ ಕೆಲಸ ಮಾಡುವಾಗ ನೂರಾರು ಕನ್ನಡ ಶಾಸನಗಳ ನಕಲು ಮಾಡಿಸಿದವರು ಇವರೇ. ಟ್ರೈಪ್ ಚಿತ್ರಿಸಿದ ಮುಂದಿನ ವರ್ಷ ಆ ಶಿಲ್ಪಗಳು ಹಡಗೇರಿ ಲಂಡನ್ನಿಗೆ ಹೋದವು.

ಮರಳಿದ ಮೇಲೆ ಮಧುರೆ, ಪುದುಕೋಟೆ, ಶ್ರೀರಂಗ, ತಂಜಾವೂರು, ತಿರುಚಿರಾಪಳ್ಳಿ ಮೊದಲಾದವುಗಳ ಸಂಪುಟಗಳನ್ನು ಹೊರತಂದರು. ಆಯಾ ಸ್ಥಳವನ್ನು ಬಲ್ಲವರಿಂದ ವಿವರಣೆಗಳನ್ನು ಬರೆಯಿಸಿ ಸೇರಿಸಲಾಯಿತು. ಬೆಂಗಳೂರಿನ ಕಾರ್ಯಾಗಾರದಲ್ಲಿ ಸ್ಥಳೀಯ ಸಹಾಯಕರು ದುಡಿದರು. ಅವರಲ್ಲಿ ಸಿ. ಅಯ್ಯಾಸ್ವಾಮಿ ಎಂಬವರು ತಾವೂ ಛಾಯಾಗ್ರಾಹಕರಾಗಿ ಮುಂದೆ ಮದರಾಸಿನ ಕಲಾಶಾಲೆಯಲ್ಲಿ ಕೆಲಸ ಮಾಡಿದರು. ಇಂಥವರ ಶ್ರಮ ಟ್ರೈಪ್ ಹೆಸರಿನ ಹಿಂದೆ ಅಡಗಿಹೋಗಿದೆ.

ಕಾರ್ಯಾಗಾರದ ಮುಕ್ತಾಯ

1858ರಲ್ಲಿ ಕಂಪನಿಯ ಆಡಳಿತ ಕೊನೆಗೊಂಡು ಅಧಿಕಾರವು ಬ್ರಿಟಿಷ್ ರಾಣಿಯ ಸರ್ಕಾರಕ್ಕೆ ಹೋಯಿತು. ದಂಗೆಯ ಖರ್ಚಿನಿಂದ ಬೊಕ್ಕಸ ಬರಿದಾಗಿತ್ತು. 1859ರಲ್ಲಿ ಮದರಾಸಿನ ಗವರ್ನರ್ ಆಗಿ ಬಂದ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಮಿತವ್ಯಯದ ಆಡಳಿತಗಾರರು. ಸರ್ಕಾರಿ ಛಾಯಾಗ್ರಾಹಕನ ಹುದ್ದೆ ಅವರ ದೃಷ್ಟಿಯಲ್ಲಿ ಶ್ರೀಮಂತಿಕೆಯ ವಿಲಾಸ. ಕೆಲಸ ನಿಲ್ಲಿಸುವಂತೆ ಆಜ್ಞೆಯಾಯಿತು. 1860ರ ವೇಳೆಗೆ ಬೆಂಗಳೂರಿನ ಕಾರ್ಯಾಗಾರ ಮುಚ್ಚಿತು.

ಹುದ್ದೆಯ ಹೊಣೆ ಇಡೀ ಪ್ರಾಂತ್ಯಕ್ಕೆ ಸಂಬಂಧಿಸಿದ್ದು, ಮುಗಿದದ್ದು ಅದರ ಒಂದು ಭಾಗ ಮಾತ್ರ. ಟ್ರೈಪ್ ಅವರ ಪಾಲಿಗೆ ಇದು ತೀವ್ರ ನಿರಾಶೆಯಾಗಿರಬೇಕು. ಅವರು ಸೈನ್ಯದ ಕೆಲಸಕ್ಕೆ ಮರಳಿದರು, ಛಾಯಾಗ್ರಹಣವನ್ನು ಬಹುಮಟ್ಟಿಗೆ ಕೈಬಿಟ್ಟರು.

ಬಳ್ಳಾರಿ ಸೀಮೆಯ ಸಂಬಂಧ

ತುಂಗಭದ್ರೆಯ ದಕ್ಷಿಣ ದಂಡೆಯ ಬಳ್ಳಾರಿ ಜಿಲ್ಲೆಯೂ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಸೀಮೆಗಳು ಈ ಜಿಲ್ಲೆಯಲ್ಲಿದ್ದವು. ಹೀಗಾಗಿ ಟ್ರೈಪ್ ಅವರ ಹುದ್ದೆಯ ವ್ಯಾಪ್ತಿಯಲ್ಲಿ ಹಂಪಿಯೂ ಇತ್ತು, ಮಾಗಳ, ಹಿರೇಹಡಗಲಿ, ಕುರುವತ್ತಿ, ಬಾಗಳಿ, ನೀಲಗುಂದಗಳ ಚಾಲುಕ್ಯ ಶೈಲಿಯ ದೇವಾಲಯಗಳೂ ಇದ್ದವು. ಆದರೆ ಅವರು ಪ್ರಕಟಿಸಿದ ಸಂಪುಟಗಳಲ್ಲಿ ಈ ಸ್ಥಳಗಳು ಕಾಣುವುದಿಲ್ಲ. ಅವರ ಪಯಣ ಬೆಂಗಳೂರಿನಿಂದ ದಕ್ಷಿಣಕ್ಕೆ ಸಾಗಿತೇ ವಿನಾ ಉತ್ತರಕ್ಕಲ್ಲ.

ಈ ಕೊರತೆಯನ್ನು ಭಾಗಶಃ ತುಂಬಿದವರೂ ಹವ್ಯಾಸಿಗಳೇ. ಮದರಾಸು ಸೈನ್ಯದ ಮತ್ತೊಬ್ಬ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯನ್ನು ದೊಡ್ಡ ಗಾತ್ರದ ಮೇಣಗಾಗದದ ನೆಗೆಟಿವ್‌ಗಳಲ್ಲಿ ಚಿತ್ರಿಸಿದರು. ಅವರ ಒಂದು ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಇನ್ನೂ ನಿಂತಿದೆ. ಇಂದು ಅದು ಇಲ್ಲ. ನೋಟುಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ನಾವು ನೋಡುವ ರಥ ಶಿಖರ ಕಳೆದುಕೊಂಡ ರಥ. ಗ್ರೀನ್‌ಲಾ ಅವರ ನೆಗೆಟಿವ್‌ಗಳು ನೂರು ವರ್ಷಗಳಿಗೂ ಮೀರಿ ಮರೆಯಲ್ಲಿದ್ದು 1980ರಲ್ಲಿ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಬಿದ್ದದ್ದು ಯಾವುದು, ಎತ್ತಿ ನಿಲ್ಲಿಸಿದ್ದು ಯಾವುದು ಎಂಬುದು ತಿಳಿಯುತ್ತದೆ.

ಟ್ರೈಪ್ ಅವರ ಹಳೇಬೀಡಿನ ಜೊತೆಗಾರ ಡಾ. ನೀಲ್ ಅವರೂ ಹಂಪಿ ಮತ್ತು ಮೈಸೂರು ಸೀಮೆಯಲ್ಲಿ ಚಿತ್ರ ತೆಗೆದರು. ಆ ಚಿತ್ರಗಳು ಡಾ. ಪಿಗೌ ಮತ್ತು ಕರ್ನಲ್ ಬಿಗ್ಸ್ ಅವರ ಚಿತ್ರಗಳೊಡನೆ 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪವನ್ನು ಕುರಿತ ಗ್ರಂಥದಲ್ಲಿ ಅಚ್ಚಾದವು. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಅದಕ್ಕೆ ವಿವರಣೆ ಬರೆದರು. ಹಳೇಬೀಡಿನ ಕೇದಾರೇಶ್ವರ ದೇವಾಲಯದ ಶಿಖರದಲ್ಲಿ ಬೇರೂರಿದ ಮರವು ಕಲ್ಲುಗಳನ್ನು ಸಡಿಲಿಸಿ ಕಟ್ಟಡವನ್ನು ಕೆಡವಿದ್ದನ್ನು ಫರ್ಗ್ಯುಸನ್ ವಿಷಾದದಿಂದ ದಾಖಲಿಸಿದ್ದಾರೆ.

ಮಾಗಳ ಮತ್ತು ಸುತ್ತಲಿನ ದೇಗುಲಗಳ ಸರದಿ ಬಂದದ್ದು ಬಹಳ ತಡವಾಗಿ. ಪುರಾತತ್ತ್ವ ಇಲಾಖೆಯ ಅಲೆಕ್ಸಾಂಡರ್ ರೀ ಅವರು ಬಳ್ಳಾರಿ ಜಿಲ್ಲೆಯ ಚಾಲುಕ್ಯ ದೇವಾಲಯಗಳನ್ನು ಅಳೆದು, ನಕ್ಷೆ ಬರೆದು, 1896ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಬಾಗಿಲವಾಡದ ಸೂಕ್ಷ್ಮ ಕೆತ್ತನೆ, ತಿರುಗಣೆಯಲ್ಲಿ ಕಡೆದ ಕಂಬಗಳು ಅದರ ಫಲಕಗಳಲ್ಲಿ ನಿಖರವಾಗಿ ಮೂಡಿವೆ. ಟ್ರೈಪ್ ಅವರ ಕಾರ್ಯಾಗಾರ ಇನ್ನೂ ಕೆಲವು ವರ್ಷ ಬಾಳಿದ್ದರೆ ಅದೇ ಗೋಡೆಗಳ ಮೇಲೆ ಬಿದ್ದ ನಾಲ್ಕು ದಶಕ ಹಿಂದಿನ ಬಿಸಿಲೂ ನಮಗೆ ದೊರೆಯುತ್ತಿತ್ತೇನೋ.

ಕೊನೆಯ ವರ್ಷಗಳು

ಟ್ರೈಪ್ ಬಳಿಕ ಮತ್ತೆ ಬರ್ಮಾದಲ್ಲಿ ಸೇವೆ ಸಲ್ಲಿಸಿದರು. 1870ರ ಆಸುಪಾಸಿನಲ್ಲಿ ತೌಂಗೂ ಠಾಣ್ಯದಲ್ಲಿದ್ದಾಗ ಕೆಲವೇ ಚಿತ್ರಗಳನ್ನು ತೆಗೆದದ್ದುಂಟು. 1870ರ ದಶಕದಲ್ಲಿ ಸೈನ್ಯದಿಂದ ನಿವೃತ್ತರಾಗಿ ಗೌರವ ಮೇಜರ್ ಜನರಲ್ ಪದವಿ ಪಡೆದರು. ಉಳಿದ ಆಯುಷ್ಯವನ್ನು ತವರೂರು ಡೆವನ್‌ಪೋರ್ಟಿನಲ್ಲಿ ಕಳೆದು 1902ರ ಮಾರ್ಚ್ 2ರಂದು ನಿಧನರಾದರು. ಆ ಹೊತ್ತಿಗೆ ಛಾಯಾಗ್ರಹಣ ಪೂರ್ಣವಾಗಿ ಬದಲಾಗಿತ್ತು. ಗುಂಡಿ ಒತ್ತಿದರೆ ಸಾಕೆನ್ನುವ ಕೊಡ್ಯಾಕ್ ಪೆಟ್ಟಿಗೆಗಳು ಪೇಟೆಗೆ ಬಂದು ಹದಿನಾಲ್ಕು ವರ್ಷಗಳಾಗಿದ್ದವು.

ಮರುಶೋಧನೆ

ಸರ್ಕಾರಿ ಕಚೇರಿಗಳಿಗೂ ಗ್ರಂಥಾಲಯಗಳಿಗೂ ಹಂಚಿಹೋಗಿದ್ದ ಟ್ರೈಪ್ ಸಂಪುಟಗಳು ಬಹುಕಾಲ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಜಾನೆಟ್ ಡೆವನ್ ಅವರು ಸಿದ್ಧಪಡಿಸಿದ ಸಮಗ್ರ ಚಿತ್ರಸೂಚಿ 2003ರಲ್ಲಿ ಪ್ರಕಟವಾಯಿತು. 2014ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿ ಅವರ ಚಿತ್ರಗಳ ದೊಡ್ಡ ಪ್ರದರ್ಶನ ಆರಂಭವಾಗಿ, 2015ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೂ ಸಾಗಿತು. ರೋಜರ್ ಟೇಲರ್ ಮತ್ತು ಕ್ರಿಸ್ಪಿನ್ ಬ್ರಾನ್‌ಫುಟ್ ಇದರ ಸಂಗಡ ಹೊರಬಂದ ಗ್ರಂಥವನ್ನು ರಚಿಸಿದರು.

ಕಾಗದದ ಮೂಲ ನೆಗೆಟಿವ್‌ಗಳಲ್ಲಿ ಹಲವು ಇಂದಿಗೂ ಉಳಿದಿವೆ. ಅವನ್ನು ಬೆಳಕಿಗೆ ಹಿಡಿದರೆ ಕುಂಚದ ಗೆರೆಗಳೂ ಮೋಡಕ್ಕೆ ಹಚ್ಚಿದ ಬಣ್ಣವೂ ಕಾಣುತ್ತವೆ. ಹಳೇಬೀಡು ಮತ್ತು ಬರ್ಮಾದ ಚಿತ್ರಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿವೆ.